ಹದಿನೈದು ತಿಂಗಳು, ಎರಡು ಬಿಡುವು

ಮೊಲೆಯೂಡಿಸುವ ತಾಯಿಗೆ ಕೆಲಸದ ನಡುವೆ ದಿನಕ್ಕೆ ಎರಡು ಬಿಡುವು ಕೊಡಬೇಕೆಂದು ನಮ್ಮ ದೇಶದ ಕಾಯಿದೆ 1961ರಿಂದಲೂ ಹೇಳುತ್ತಾ ಬಂದಿದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಈಚೆಗೆ ದೂರವಾಣಿಯಲ್ಲಿ ಮಾತನಾಡಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳೂ ನಂಬಲಿಲ್ಲ. ಅವಳು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಏಳು ತಿಂಗಳ ಕೂಸನ್ನು ತನ್ನ ತಾಯಿಯ ಮಡಿಲಲ್ಲಿ ಬಿಟ್ಟು ಕೆಲಸಕ್ಕೆ ಮರಳಿದ್ದಾಳೆ. “ಟೀಚರ್, ಹಾಲು ಬತ್ತುತ್ತಾ ಬಂದಿದೆ. ಕೆಲಸ ಬಿಡಲೋ, ಹಾಲು ಬಿಡಿಸಲೋ ತಿಳಿಯುತ್ತಿಲ್ಲ” ಎಂದಳು. “ಎರಡನ್ನೂ ಬಿಡಬೇಡ ಕಣಮ್ಮ, ಮೊದಲು ಕಾಯಿದೆ ಏನು ಹೇಳುತ್ತದೆಂದು ಕೇಳು” ಎಂದೆ. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಈಗ ತೊಟ್ಟಿಲು ತೂಗುತ್ತಿದೆ ಎಂಬುದು ನನಗೆ ಗೊತ್ತು.

1961ರ ಹೆರಿಗೆ ಸೌಲಭ್ಯ ಕಾಯಿದೆಯು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ವಿಲೀನವಾಗಿದೆ. ಈ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹೆಸರು ಬದಲಾದರೂ ಹಾಲೂಡಿಸುವ ಬಿಡುವಿನ ವಿಧಿ ಹಾಗೆಯೇ ಉಳಿದಿದೆ: ಹೆರಿಗೆಯ ನಂತರ ಕೆಲಸಕ್ಕೆ ಮರಳಿದ ಮಹಿಳೆಗೆ, ಮಗುವಿಗೆ 15 ತಿಂಗಳು ತುಂಬುವವರೆಗೆ, ಎಲ್ಲರಿಗೂ ಇರುವ ವಿರಾಮದ ವೇಳೆಯಲ್ಲದೆ ಇನ್ನೂ ಎರಡು ಬಿಡುವುಗಳು. ಈ ಬಿಡುವಿನ ಕಾರಣಕ್ಕೆ ಅವಳ ಸಂಬಳದಲ್ಲಿ ಕಡಿತ ಮಾಡುವಂತಿಲ್ಲ. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುವಿಹಾರ ಇರಬೇಕು, ಮತ್ತು ವಿರಾಮದ ವೇಳೆಯೂ ಸೇರಿದಂತೆ ದಿನಕ್ಕೆ ನಾಲ್ಕು ಬಾರಿ ತಾಯಿ ಅಲ್ಲಿಗೆ ಹೋಗಿ ಬರಬಹುದು. ಈ ಶಿಶುವಿಹಾರದ ವಿಧಿ, ಹಾಗೆಯೇ 26 ವಾರಗಳ ರಜೆ, 2017ರ ತಿದ್ದುಪಡಿಯಲ್ಲಿ ಬಂದವು. ಅದಕ್ಕೆ ಮೊದಲು ರಜೆ ಇದ್ದುದು 12 ವಾರ ಮಾತ್ರ. ಎರಡು ಅಥವಾ ಹೆಚ್ಚು ಮಕ್ಕಳು ಈಗಾಗಲೇ ಇರುವ ತಾಯಿಗೆ ಇಂದಿಗೂ 12 ವಾರವೇ.

ಬಿಡುವು ಎಷ್ಟು ಹೊತ್ತು ಎಂಬುದನ್ನು ನಿಯಮಗಳಿಗೆ ಬಿಡಲಾಗಿದೆ. ಗಣಿ ಮತ್ತು ಸರ್ಕಸ್ಸುಗಳಿಗಾಗಿ 1963ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲಿ ತಲಾ 15 ನಿಮಿಷ ಎಂದಿತ್ತು. ಮಗುವಿರುವಲ್ಲಿಗೆ ಹೋಗಿ ಬರಲು 5ರಿಂದ 15 ನಿಮಿಷ ಹೆಚ್ಚುವರಿ. (ಸರ್ಕಸ್ಸಿನ ತಾಯಂದಿರನ್ನೂ ನೆನೆದ ಅಧಿಕಾರಿ ಯಾರೋ ಪುಣ್ಯಾತ್ಮ!) ಆದರೆ 1919ರಷ್ಟು ಹಿಂದೆಯೇ, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಅಧಿವೇಶನದ ಒಡಂಬಡಿಕೆಯು ದಿನಕ್ಕೆ ಎರಡು ಬಾರಿ ಅರ್ಧರ್ಧ ಗಂಟೆ ಎಂದಿತ್ತು. ಭಾರತ ಅದನ್ನು ಅನುಮೋದಿಸಲಿಲ್ಲ.

ನಿಮ್ಮಲ್ಲಿ ಅನೇಕರಿಗೆ ನಾನು ಜೀವಶಾಸ್ತ್ರ ಕಲಿಸಿದವಳು. ಆದ್ದರಿಂದ ಒಂದು ಮಾತು. ಹಾಲು ಕೊಡದಲ್ಲಿ ತುಂಬಿಟ್ಟ ನೀರಲ್ಲ. ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನೂ ಆಕ್ಸಿಟೋಸಿನ್ ಎಂಬ ಇನ್ನೊಂದನ್ನೂ ಬಿಡುತ್ತದೆ. ಮೊದಲನೆಯದು ಹಾಲನ್ನು ಉಂಟುಮಾಡುತ್ತದೆ, ಎರಡನೆಯದು ಇಳಿಸುತ್ತದೆ. ತೆಗೆದಷ್ಟೂ ಊರುತ್ತದೆ, ತೆಗೆಯದೆ ಬಿಟ್ಟರೆ ‘ಇನ್ನು ಬೇಡ’ ಎಂಬ ಸೂಚನೆ ದೇಹಕ್ಕೆ ಸಿಕ್ಕಿ ಹಾಲು ಇಳಿಮುಖವಾಗುತ್ತದೆ. ಕಟ್ಟಿಕೊಂಡ ಹಾಲಿನಿಂದ ಬಾವು, ಜ್ವರ ಬರುವುದೂ ಉಂಟು. ಆದ್ದರಿಂದ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವಕಾಶವಿಲ್ಲದ ತಾಯಿಗೆ ‘ರಾತ್ರಿ ಕುಡಿಸಿಕೊ’ ಎನ್ನುವುದು ಅವೈಜ್ಞಾನಿಕ. ಮೊದಲ ಆರು ತಿಂಗಳು ತಾಯಿಹಾಲೊಂದೇ, ಅನಂತರ ಇತರ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹನ್ನೆರಡು ವಾರದ ರಜೆಯಲ್ಲಿ ಈ ಲೆಕ್ಕ ಹೇಗೆ ಕೂಡೀತು?

ನನಗೆ ಕೂಡಲಿಲ್ಲ. 1988ರಲ್ಲಿ ಮಗಳು ಹುಟ್ಟಿದಾಗ ಮೂರು ತಿಂಗಳಿಗೆ ಪ್ರೌಢಶಾಲೆಗೆ ಮರಳಿದೆ. ನಮಗೆ ಸೇವಾ ನಿಯಮಗಳಲ್ಲಿ ರಜೆಯಿತ್ತು, ಬಿಡುವಿನ ಮಾತಿರಲಿಲ್ಲ. ಮನೆ ಶಾಲೆಯಿಂದ ಎರಡು ಮೈಲಿ. ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಎದೆ ಕಲ್ಲಾಗುತ್ತಿತ್ತು. ಕಪ್ಪುಹಲಗೆಗೆ ಮುಖ ಮಾಡಿ ಬರೆಯುತ್ತಿದ್ದಂತೆಯೇ ರವಿಕೆ ಒದ್ದೆಯಾಗಿ, ಸೆರಗನ್ನು ಎರಡು ಮಡಿಕೆ ಹೊದ್ದು ಹುಡುಗರ ಕಡೆ ತಿರುಗುತ್ತಿದ್ದೆ. ಮಧ್ಯಾಹ್ನದ ವಿರಾಮದಲ್ಲಿ ಪ್ರಯೋಗಾಲಯದ ಒಳಕೋಣೆಗೆ ಹೋಗುತ್ತಿದ್ದೆ. ಶಾಲೆಯ ಆಯಾ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು, ಏಕೆಂದರೆ ಅದಕ್ಕೆ ಅಗುಳಿ ಇರಲಿಲ್ಲ. ಹಿಂಡಿದ ಹಾಲನ್ನು ಉಪಕರಣ ತೊಳೆಯುವ ತೊಟ್ಟಿಗೆ ಸುರಿದು ನಲ್ಲಿ ಬಿಡುತ್ತಿದ್ದೆ. ಅದೇ ಹೊತ್ತಿನಲ್ಲಿ ಮನೆಯಲ್ಲಿ ನಮ್ಮತ್ತೆಯವರು ಮಗುವಿಗೆ ಒಳಲೆಯಲ್ಲಿ ನೀರು ಬೆರೆಸಿದ ಹಸುವಿನ ಹಾಲು ಹಾಕುತ್ತಿದ್ದರು. ಐದನೆಯ ತಿಂಗಳಿಗೆ ನನ್ನ ಹಾಲು ನಿಂತಿತು. “ಮಾಸ್ತರಿಕೆ ಮಾಡುವವಳಿಗೆ ಹಾಲು ಕಮ್ಮಿಯಂತೆ” ಎಂದು ನೆಂಟರ ಮನೆಯ ಸಮಾರಂಭವೊಂದರಲ್ಲಿ ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಹಾಲು ಕಮ್ಮಿ ಇರಲಿಲ್ಲ. ಇದನ್ನು ಓದುತ್ತಿರುವ ನೆಂಟರಿಗೆ ಇಷ್ಟು ವರ್ಷಗಳ ಮೇಲಾದರೂ ತಿಳಿದಿರಲಿ.

ನನ್ನ ಊರಿನ ಕಡೆ ಕಳೆ ಕೀಳುವ ಹೆಂಗಸರು ಬದುವಿನ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದರು. ಅತ್ತಾಗ ಬಂದು ಕುಡಿಸಿ ಮತ್ತೆ ಸಾಲು ಹಿಡಿಯುತ್ತಿದ್ದರು. ಬಿಸಿಲು, ಇರುವೆ, ಒಡೆಯನ ಬೈಗುಳ ಎಲ್ಲ ಇತ್ತು, ಅದನ್ನು ಚೆಂದಗಾಣಿಸುವುದು ಬೇಡ. ಆದರೂ ಮಗು ಕೂಗಳತೆಯಲ್ಲಿತ್ತು. ಕಾರ್ಖಾನೆ, ಕಚೇರಿ, ಶಾಲೆಗಳು ಆ ಕೂಗಳತೆಯನ್ನು ಕಡಿದವು. ಕಾಯಿದೆ ಕೊಡುತ್ತಿರುವುದು ಕಡಿದುದರ ಒಂದು ತುಣುಕನ್ನಷ್ಟೆ.

ನಮ್ಮ ಉಚ್ಚ ನ್ಯಾಯಾಲಯದ ಒಂದು ತೀರ್ಪನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಆಸ್ಪತ್ರೆಯಿಂದ 2020ರಲ್ಲಿ ಕಳುವಾದ ಶಿಶುವಿನ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು 2021ರ ಸೆಪ್ಟೆಂಬರಿನಲ್ಲಿ, ಎದೆಹಾಲು ಉಣಿಸುವುದು ತಾಯಿಯಿಂದ ಬೇರ್ಪಡಿಸಲಾಗದ ಹಕ್ಕು, ಸಂವಿಧಾನದ 21ನೆಯ ವಿಧಿಯ ರಕ್ಷಣೆ ಅದಕ್ಕಿದೆ ಎಂದರು. ಆ ಪ್ರಕರಣ ಉದ್ಯೋಗದ್ದಲ್ಲ. ಆದರೆ ಹಕ್ಕೆಂದು ಒಪ್ಪಿದ ಮೇಲೆ ಅದು ಕಚೇರಿಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟುಬರುವ ವಸ್ತುವಾಗಲಾರದು. ಇನ್ನು, ದಿನಗೂಲಿಯ ಹೆಂಗಸರಿಗೂ ಹೆರಿಗೆ ಸೌಲಭ್ಯವುಂಟೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿಯೇ, ದೆಹಲಿ ಮಹಾನಗರಪಾಲಿಕೆಯ ಮಸ್ಟರ್ ರೋಲ್ ಕಾರ್ಮಿಕರ ಮೊಕದ್ದಮೆಯಲ್ಲಿ ಹೇಳಿದೆ. ಮನೆಗೆಲಸದವರಿಗೆ ಮಾತ್ರ ಇದಾವುದೂ ತಲುಪುವುದಿಲ್ಲ. ನಮ್ಮ ಮಕ್ಕಳನ್ನು ಆಡಿಸುವವಳ ಕೂಸಿಗೆ ಬಿಡುವು ಕೊಡುವುದು ನಮ್ಮ ಕೈಯಲ್ಲೇ ಇದೆ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಮಗುವಿನ ಜನನ ಪ್ರಮಾಣಪತ್ರದ ಪ್ರತಿಯೊಡನೆ ಅರ್ಜಿಯನ್ನು ಬರವಣಿಗೆಯಲ್ಲೇ ಕೊಡು, ಯಾವ ಎರಡು ಹೊತ್ತು ಬೇಕೆಂದು ನಮೂದಿಸು, ಸ್ವೀಕೃತಿ ಪಡೆ. ಒಪ್ಪದಿದ್ದರೆ ಕಾರ್ಮಿಕ ಇಲಾಖೆ ಇದೆ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಮುಖ್ಯೋಪಾಧ್ಯಾಯರು, ಇಬ್ಬರು ಶಾಲಾ ಆಡಳಿತ ಮಂಡಳಿಯಲ್ಲಿದ್ದಾರೆ. ಅವರಲ್ಲೊಂದು ಬಿನ್ನಹ. ಜೂನ್ ತಿಂಗಳಲ್ಲಿ ವೇಳಾಪಟ್ಟಿ ಬರೆಯುವಾಗ ಬಾಣಂತನ ಮುಗಿಸಿ ಬಂದ ಅಧ್ಯಾಪಕಿಗೆ ಮೂರನೆಯ ಮತ್ತು ಆರನೆಯ ಪೀರಿಯಡ್ ಖಾಲಿ ಬಿಡಿ. ಒಂದು ಚಿಕ್ಕ ಕೋಣೆ, ಒರಗುವ ಕುರ್ಚಿ, ಕೈ ತೊಳೆಯಲು ನಲ್ಲಿ, ಸಾಧ್ಯವಾದರೆ ಹಿಂಡಿದ ಹಾಲಿಡಲು ಚಿಕ್ಕ ಫ್ರಿಜ್ಜು. ಅಗುಳಿ ಒಳಗಿನಿಂದ ಹಾಕುವಂತಿರಲಿ.