ಅಪ್ಪನ ಬಂದೂಕು, ನನ್ನ ಅಳತೆ

ಅಪ್ಪ ತೀರಿಕೊಂಡ ಮೇಲೆ ಅವರ ಬಂದೂಕು ನನ್ನ ಹೆಸರಿಗೆ ಬಂದಿತು. ಎರಡನೆಯ ವರ್ಷವೇ ಅದರ ಮರದ ಹಿಡಿ ಸೀಳಿತು. ಒರೆಸಿ ಗೋಡೆಗೆ ಒರಗಿಸಿದ್ದೆ, ಜಾರಿ ಬಿತ್ತು. ತಪ್ಪು ನನ್ನದೇ.

ಅಪ್ಪ ಫೌಜಿನಿಂದ ನಿವೃತ್ತರಾಗಿ ಊರಿಗೆ ಬಂದವರು. ಜತ್ತ ತಾಲೂಕಿನ ಉಮದಿ ಭಾಗದ ನಮ್ಮ ಹೊಲ ಮಳೆಯನ್ನೇ ನಂಬಿದ್ದು. ಮನೆ ನಡೆಯಲು ಅದು ಸಾಲುತ್ತಿರಲಿಲ್ಲ. ಪರವಾನಗಿ ಪಡೆದು, ಪಶ್ಚಿಮ ಬಂಗಾಳದ ಈಶಾಪುರ ಕಾರ್ಖಾನೆಯ .315 ಬೋಲ್ಟ್ ಬಂದೂಕೊಂದನ್ನು ಕೊಂಡು, ಬ್ಯಾಂಕಿನ ಬಾಗಿಲು ಕಾಯುವ ಕೆಲಸಕ್ಕೆ ಸೇರಿದರು. ಸೈನ್ಯದ .303 ಗುಂಡಿನ ಬಂದೂಕು ಬ್ರಿಟಿಷರ ಕಾಲದಿಂದಲೂ ಜನಸಾಮಾನ್ಯರಿಗೆ ನಿಷಿದ್ಧ; ಆ ಕಾರಣಕ್ಕೆ ಚಾಲ್ತಿಗೆ ಬಂದ ಅಳತೆ ಈ .315. ಆದರೆ ಯಂತ್ರದ ಕಟ್ಟು ಹಳೆಯ ಲೀ-ಎನ್‌ಫೀಲ್ಡಿನದೇ. ತರಬೇತಿಯಲ್ಲಿ ಕೈಗೆ ಒಗ್ಗಿದ್ದ ಬಂದೂಕು ಮತ್ತೆ ಸಿಕ್ಕಿತೆಂದು ಅಪ್ಪನಿಗೆ ಸಂತೋಷ. ಆ ಬಾಗಿಲಲ್ಲಿ ನಿಂತ ಅಷ್ಟೂ ವರ್ಷಗಳಲ್ಲಿ ಅವರು ಒಂದು ಗುಂಡನ್ನೂ ಹಾರಿಸಲಿಲ್ಲ. ನನ್ನ ವಕೀಲಿ ಓದಿನ ಶುಲ್ಕ ಸಂದದ್ದು ಆ ಸಂಬಳದಿಂದ.

ನೌಕರಿ ಮುಗಿದ ಮೇಲೆ ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಗುತ್ತಿತ್ತು. ಸಾಲುಗಟ್ಟಿ ನಿಲ್ಲಿಸಿದ ಬಂದೂಕುಗಳಲ್ಲಿ ತಮ್ಮದು ತಿಳಿಯಲೆಂದು ಅಪ್ಪ ಕಾದ ಮೊಳೆಯಿಂದ ಹಿಡಿಯ ಮೇಲೆ ತಮ್ಮ ಹೆಸರಿನ ಮೊದಲಕ್ಷರವನ್ನು ಸುಟ್ಟು ಬರೆದಿದ್ದರು: ಕನ್ನಡದ ‘ಸ’. ಮರಾಠಿ ಚೀಟಿಗಳ ನಡುವೆ ಆ ಒಂದು ಅಕ್ಷರವನ್ನು ಗುರುತಿಸಲು ಅವರಿಗೆ ಚಾಳೀಸು ಬೇಕಾಗುತ್ತಿರಲಿಲ್ಲ.

ಸೀಳಿದ ಸುದ್ದಿ ಕೇಳಿ ಓಣಿಯ ಬಡಿಗೇರ ಕಾಕಾ ಬಂದರು. “ತಮ್ಮಾ, ಹಳೇ ಜಾಲಿ ಕಟಗಿ ಐತಿ ನನ್ನ ಹತ್ರ. ಗಾಡಿ ಗಾಲಿಗೇ ಸೋಲಲಾರದ್ದು, ಇದಕ್ಕ ಸೋಲತೈತೇನು? ಎರಡು ದಿನದಾಗ ಕೆತ್ತಿ ಕೊಡ್ತೀನಿ” ಎಂದರು. ಅಪ್ಪನ ಗೆಳೆಯರು, ಕೂಲಿ ಕೇಳುವವರಲ್ಲ. ಬೇಡವೆನ್ನಲು ನನಗೆ ನಾಲಗೆ ಏಳಲಿಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಶಸ್ತ್ರದ ಬಿಡಿಭಾಗವನ್ನೂ ಶಸ್ತ್ರವೆಂದೇ ಎಣಿಸುತ್ತದೆ. ಪರವಾನಗಿಯಿಲ್ಲದೆ ಬಂದೂಕನ್ನು ದುರಸ್ತಿ ಮಾಡುವುದನ್ನು ಅದರ 5ನೆಯ ಕಲಮು ತಡೆಯುತ್ತದೆ. ನಾನು ಮೌನವಾಗಿದ್ದರೆ ಸಿಕ್ಕಿಬೀಳುವವರು ಕಾಕಾ. ಬಿಡಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪನೂ ಹಿಂಗ ಅಂತಿದ್ದ” ಎಂದು ಚಹಾ ಕುಡಿದು ಹೋದರು.

ನಮ್ಮ ಸಂತೆ, ಸಂಬಂಧಗಳೆಲ್ಲ ವಿಜಯಪುರದ ಕಡೆಗೇ. ಆದರೆ ನನ್ನ ಪರವಾನಗಿ ಮಹಾರಾಷ್ಟ್ರದ ಮಟ್ಟಿಗೆ ಮಾತ್ರ. ಮದುವೆಯ ದಿಬ್ಬಣ ದಾಟುವ ಗಡಿಯನ್ನು ಈ ಬಂದೂಕು ದಾಟುವಂತಿಲ್ಲ. ಆದ್ದರಿಂದ ದೂರದ ಸಾಂಗಲಿಯ ಹಾದಿ ಹಿಡಿದೆ.

ಪರವಾನಗಿಯುಳ್ಳ ವ್ಯಾಪಾರಿ ಸೀಳನ್ನು ನೋಡಿ, “ಎಣ್ಣೆ ಬಹಳ ಹಾಕುತ್ತೀರಿ” ಎಂದರು. ನಿಜ. ಅಪ್ಪನ ಮೇಲಿನ ಅಕ್ಕರೆಯಿಂದ ಧಾರಾಳವಾಗಿ ಎಣ್ಣೆ ಹಚ್ಚಿ, ನಳಿಗೆ ಮೇಲೆ ಮಾಡಿ ನಿಲ್ಲಿಸುತ್ತಿದ್ದೆ. ಎಣ್ಣೆ ಕೆಳಗಿಳಿದು, ಮುಷ್ಟಿ ಹಿಡಿಯುವ ಸಣ್ಣ ಕುತ್ತಿಗೆಯ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡಿತ್ತು.

ಅವರು ಮೂರು ಬಗೆಯ ಹಿಡಿಗಳನ್ನು ಮುಂದಿಟ್ಟರು. ಪ್ಲಾಸ್ಟಿಕ್ಕಿನದು ಮಳೆಗೆ ಉಬ್ಬದು, ಬಿಸಿಲಿಗೆ ಬಿರಿಯದು. ನನ್ನ ಮನಸ್ಸು ಒಪ್ಪಲಿಲ್ಲ. ಶೀಶಮ್ ಚೆಲುವಾದದ್ದು, ಆದರೆ ಭಾರ. ಅಕ್ರೋಟು ಹಗುರ, ಗಟ್ಟಿ. ಚೆನ್ನಾಗಿ ಒಣಗಿದರೆ ಸೊಟ್ಟಗಾಗುವುದು ಕಡಿಮೆ. ಮರ ಯಾವುದೇ ಇರಲಿ, ಕುತ್ತಿಗೆಯಲ್ಲಿ ಎಳೆಗಳು ಉದ್ದಕ್ಕೆ ಓಡಿರಬೇಕು. ಅಡ್ಡ ಓಡಿದ್ದರೆ ಗುಂಡಿನ ಒದೆತಕ್ಕೆ ಅಲ್ಲಿಯೇ ಒಡೆಯುತ್ತದೆ ಎಂದರು. ಎಳೆ ನೋಡಿ ಅಕ್ರೋಟನ್ನು ಆರಿಸಿದೆ.

ಉಳಿದದ್ದು ಉದ್ದದ ಮಾತು. ಅಪ್ಪನ ಅಳತೆಯಲ್ಲಿಯೇ ಇರಲಿ ಎಂದೆ. ಅವರು ನನ್ನ ಮೊಣಕೈಯನ್ನು ಮಡಿಸಿ, ಹಿಡಿಯ ತುದಿಯನ್ನು ಅದರ ಮಡಿಕೆಗೆ ಆನಿಸಿದರು. ಬೆರಳು ಟ್ರಿಗರಿಗೆ ಸರಿಯಾಗಿ ಎಟುಕಲಿಲ್ಲ. ಅಪ್ಪ ಎತ್ತರದ ಆಳು, ನಾನಲ್ಲ. ಸೈನ್ಯದ ಲೀ-ಎನ್‌ಫೀಲ್ಡಿಗೂ ಉದ್ದ, ಸಾಮಾನ್ಯ, ಗಿಡ್ಡ ಎಂದು ಅರ್ಧರ್ಧ ಅಂಗುಲದ ಅಂತರದಲ್ಲಿ ಹಿಡಿಗಳಿದ್ದವು. ಉದ್ದವಾದದ್ದು ಬಟ್ಟೆಗೆ ಸಿಕ್ಕಿಕೊಂಡು, ಬೇಡದ ಕ್ಷಣದಲ್ಲಿ ಅಪಾಯ ತರುತ್ತದೆ. ಅರ್ಧ ಅಂಗುಲ ಗಿಡ್ಡದ್ದನ್ನೇ ಹಾಕಿಸಿದೆ. ಅಪ್ಪನ ಹೆಸರಿನಲ್ಲಿದ್ದಾಗ ಅವರ ಅಳತೆ ಸರಿಯಿತ್ತು. ಹೊಣೆ ನನ್ನದಾದ ಮೇಲೆ ಅಳತೆಯೂ ನನ್ನದಾಗಬೇಕು.

ಓದುಗರ ಮನೆಗಳಲ್ಲಿಯೂ ಇಂಥ ಬಂದೂಕುಗಳಿರಬಹುದು. ಪರವಾನಗಿದಾರರು ತೀರಿಕೊಂಡರೆ ಅದನ್ನು ಅಟ್ಟದ ಮೇಲೆ ಬಿಡಬೇಡಿರಿ. 21ನೆಯ ಕಲಮಿನಂತೆ ತಡಮಾಡದೆ ಠಾಣೆಯಲ್ಲಿ ಒಪ್ಪಿಸಿ, ವಾರಸುದಾರರು ಅರ್ಜಿ ಸಲ್ಲಿಸಬೇಕು. ಹಿರಿಯರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಬಂದೂಕು ಅವರಲ್ಲಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ಅರ್ಜಿ ಕೊಡಲು 2016ರ ನಿಯಮಗಳಲ್ಲಿ ಅವಕಾಶವಿದೆ. ಕುರಿ ಹಿಂಡಿಗೆ ಬರುವ ತೋಳನ ಮೇಲೆ ಹಾರಿಸಲೆಂದು ಮಾತ್ರ ಇಟ್ಟುಕೊಳ್ಳಬೇಡಿರಿ. ತೋಳ 1972ರ ಕಾಯ್ದೆಯ ರಕ್ಷಣೆಯಲ್ಲಿದೆ.

ಹಳೆಯ ಹಿಡಿ ಬಂದೂಕಿನ ಕಪಾಟಿನಲ್ಲಿಯೇ ಇದೆ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿರುವ ಮಗಳು ಹೊಸದನ್ನು ದೂರದಿಂದ ನೋಡಿ, “ಇದರ ಮ್ಯಾಲ ಅಜ್ಜನ ‘ಸ’ ಎಲ್ಲಿ, ಅಪ್ಪಾ?” ಎಂದಳು. ಪರವಾನಗಿ ಪುಸ್ತಕಕ್ಕೆ ಬೇಕಾದದ್ದು ಕಬ್ಬಿಣದ ಮೇಲಿನ ಸಂಖ್ಯೆ ಮಾತ್ರ, ಅದು ಬದಲಾಗಿಲ್ಲ. ಅಕ್ಷರ ಅಪ್ಪ ದುಡಿದು ಗಳಿಸಿದ್ದು. ಪರವಾನಗಿಯ ಅವಧಿ ಐದು ವರ್ಷ. ಅಷ್ಟು ಕಾಲ ಈ ಮರವನ್ನು ಬಿರಿಯದಂತೆ ಕಾಯ್ದರೆ, ನವೀಕರಣದ ದಿನ ಮೊಳೆ ಕಾಯಿಸುತ್ತೇನೆ. ಆಗ ಬರೆಯುವುದು ನನ್ನ ಅಕ್ಷರ.