ಪರಿತೇವಾಡಿಯ ಮೇಷ್ಟ್ರು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಶಾಲೆಗೆ ರಣಜಿತ್‌ಸಿಂಹ ಡಿಸಲೆ ಮೇಷ್ಟ್ರಾಗಿ ಬಂದಾಗ ಮಕ್ಕಳ ಮನೆಮಾತು ಕನ್ನಡ, ಪಠ್ಯಪುಸ್ತಕ ಬೇರೆ ಭಾಷೆಯದು. ಅವರು ಕನ್ನಡ ಕಲಿತರು. ಪಾಠಗಳನ್ನು ಕನ್ನಡಕ್ಕೆ ತಂದರು, ಪುಸ್ತಕದಲ್ಲೇ ಕ್ಯೂಆರ್ ಕೋಡ್ ಸೇರಿಸಿದರು. ಅದಕ್ಕೆ ಮೊಬೈಲ್ ಹಿಡಿದರೆ ಸಾಕು, ಪದ್ಯ ಕೇಳಿಸುತ್ತದೆ, ಪಾಠದ ವಿಡಿಯೋ ತೆರೆಯುತ್ತದೆ. 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೇ ಬಂತು. ಬಹುಮಾನದ 10 ಲಕ್ಷ ಡಾಲರಿನಲ್ಲಿ ಅರ್ಧವನ್ನು ಅಂತಿಮ ಸುತ್ತಿನ ಉಳಿದ 9 ಶಿಕ್ಷಕರಿಗೆ ಹಂಚಿಬಿಟ್ಟರು!

ಕೋಡ್ ಮಾಡಿಕೊಡುವ ಉಚಿತ ತಾಣಗಳು ಎಷ್ಟೋ ಇವೆ. ಆದರೆ ಮಕ್ಕಳ ಭಾಷೆ ಕಲಿಯುವ ಆ ಮನಸ್ಸೇ ನನಗೆ ದೊಡ್ಡದಾಗಿ ಕಾಣುತ್ತದೆ. ಮುಂಬೈ ಸುತ್ತಲಿನ ಬೇಲಾಪುರ, ವಾಶಿ, ಡೊಂಬಿವಲಿಯಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿರುವವರೇ, ಈ ವಾರ ನಿಮ್ಮ ದನಿಯಲ್ಲೇ ಒಂದು ಕತೆ ರೆಕಾರ್ಡ್ ಮಾಡಿ, ಅದರ ಕೋಡನ್ನು ಮಕ್ಕಳ ನೋಟ್‌ಬುಕ್ಕಿಗೆ ಅಂಟಿಸಿ ಕೊಡಿ.