ಹಿಟ್ಲರನನ್ನು ಕೆಣಕಿದ ಕಂಠ
ಬಿಬಿಸಿಯ ಹಾಸ್ಯ ಧಾರಾವಾಹಿ ‘ಡ್ಯಾಡ್ಸ್ ಆರ್ಮಿ’ ನೋಡಿದವರಿಗೆ ಅದರ ಶೀರ್ಷಿಕೆ ಗೀತೆ ಸುಲಭಕ್ಕೆ ಮರೆಯುವಂಥದ್ದಲ್ಲ. ಹಿಟ್ಲರನನ್ನೇ ನೇರವಾಗಿ ಕೆಣಕುವ ಹಾಡು. ಎರಡನೇ ಮಹಾಯುದ್ಧದ ಕಾಲದ್ದೇ ಇರಬೇಕು ಅನ್ನಿಸುತ್ತದೆ. ಅಲ್ಲ, ಧಾರಾವಾಹಿಯ ಲೇಖಕರಲ್ಲೊಬ್ಬನಾದ ಜಿಮ್ಮಿ ಪೆರ್ರಿ ಅದನ್ನು ಬರೆದದ್ದು ಧಾರಾವಾಹಿಗೆಂದೇ, 1968ರಲ್ಲಿ. ಹಾಡಿಗೆ ಆ ಹಳೆಯ ಕಳೆ ಬಂದದ್ದು ಹಳೆಯ ಹಾಸ್ಯನಟ, ಗಾಯಕ ಬಡ್ ಫ್ಲಾನಗನ್‌ನ ಕಂಠದಿಂದ.

ಫ್ಲಾನಗನ್ ಎಂಬುದು ಐರಿಷ್ ಹೆಸರು. ಆತನ ಹುಟ್ಟುಹೆಸರು ಕಾಯಿಮ್ ರೂಬೆನ್ ವೈನ್‌ಟ್ರಾಪ್. ಪೋಲೆಂಡಿನಿಂದ ವಲಸೆ ಬಂದ ಯಹೂದಿ ದಂಪತಿಯ ಮಗ, 1896ರಲ್ಲಿ ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ಹುಟ್ಟಿದವನು. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದಾಗ ಫ್ಲಾನಗನ್ ಎಂಬ ಸಾರ್ಜೆಂಟ್ ಮೇಜರ್, ಇವನು ಯಹೂದಿ ಎಂಬ ಕಾರಣಕ್ಕೇ ಗೋಳು ಹೊಯ್ದುಕೊಂಡನಂತೆ. ಆ ಹೆಸರನ್ನೇ ಈತ ರಂಗಕ್ಕೆ ಇಟ್ಟುಕೊಂಡ. ಪೀಡಿಸಿದವನ ಹೆಸರನ್ನು ಕಿತ್ತುಕೊಂಡು, ಅದಕ್ಕೆ ಇಡೀ ದೇಶ ಚಪ್ಪಾಳೆ ತಟ್ಟುವಂತೆ ಮಾಡುವುದು! ಇದಕ್ಕಿಂತ ಚಂದದ ಸೇಡನ್ನು ನಾನು ಕೇಳಿಲ್ಲ.

ಮುಂದೆ ಚೆಸ್ನಿ ಆ್ಯಲನ್ ಜೊತೆಗಿನ ಜೋಡಿ, ‘ಕ್ರೇಜಿ ಗ್ಯಾಂಗ್’ ತಂಡದ ಹಾಸ್ಯ ಪ್ರದರ್ಶನಗಳು, ಸಿನಿಮಾ, ರೇಡಿಯೊ. ಮಾಸಿದ ತುಪ್ಪಳದ ಕೋಟು, ಹರಕು ಹುಲ್ಲಿನ ಟೋಪಿ ಆತನ ಗುರುತಾದವು. ರೈಲ್ವೆ ಕಮಾನುಗಳ ಕೆಳಗೆ ಮಲಗುವ ನಿರಾಶ್ರಿತರ ಬಗ್ಗೆ ಆತ ರಚಿಸಿದ ‘ಅಂಡರ್‌ನೀತ್ ದಿ ಆರ್ಚಸ್’ 1930ರ ದಶಕದಲ್ಲಿ ಮನೆಮಾತಾಯಿತು. ಬಡವರ ಬೀದಿಯಲ್ಲಿ ಬೆಳೆದವನಿಗೆ ಅದು ಕಲ್ಪನೆಯ ವಸ್ತುವಾಗಿರಲಿಲ್ಲ.

ಪೆರ್ರಿಗೆ ಬಾಲ್ಯದಿಂದಲೂ ಫ್ಲಾನಗನ್ ಎಂದರೆ ಆರಾಧನೆ; ಹಾಗಾಗಿ ಹಾಡನ್ನು ಆತನಿಂದಲೇ ಹಾಡಿಸಿದ. ಧಾರಾವಾಹಿ 1968ರ ಜುಲೈ 31ರಂದು ಶುರುವಾಯಿತು, ಅಕ್ಟೋಬರಿನಲ್ಲಿ ಫ್ಲಾನಗನ್ ತೀರಿಕೊಂಡ. ಹಿಟ್ಲರನನ್ನು ಅಣಕಿಸುವ ಆ ಸಾಲುಗಳನ್ನು ಬೇರೆ ಯಾರೇ ಹಾಡಿದ್ದರೂ ನನಗೆ ಇಷ್ಟು ತೃಪ್ತಿಯಾಗುತ್ತಿರಲಿಲ್ಲ.